ಅಮ್ಮನ ತಲೆಯ ಮೇಲಿಟ್ಟ ಕೈಗೆ ವಂದನೆ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಮ್ಮನ ಹೃದಯದ ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ, ಅವರು ಒಂದು ಗುಟುಕು ನೀರನ್ನೂ ಮುಟ್ಟದೆ ಗೋಡೆಯತ್ತ ಮುಖ ಮಾಡಿ ಮಲಗಿದ್ದಾಗ, ಪಕ್ಕದ ಹಾಸಿಗೆಯ ರೋಗಿಯನ್ನು ನೋಡಲು ಬಂದಿದ್ದ ವಯಸ್ಸಾದ ಕ್ಯಾಥೊಲಿಕ್ ಗುರುಗಳೊಬ್ಬರು ನಮ್ಮತ್ತ ತಿರುಗಿ, "ಒಪ್ಪಿಗೆಯಿದ್ದರೆ ಅಮ್ಮನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲೇ?" ಎಂದು ಕೇಳಿದರು. ನಾವು ಕ್ರೈಸ್ತರಲ್ಲವೆಂದು ನಾನು ಸಂಕೋಚದಿಂದ ಹೇಳುವಷ್ಟರಲ್ಲಿ ಅಮ್ಮ ತಲೆ ಬಾಗಿಸಿಯಾಗಿತ್ತು.

ಅವರು ಕೈ ತೊಳೆದು ಬಂದು, ತಣ್ಣಗಿರಬಾರದೆಂದು ಅಂಗೈಗಳನ್ನು ಉಜ್ಜಿಕೊಂಡು, ಎರಡೂ ಕೈಗಳನ್ನು ಹಗುರವಾಗಿ ಇಟ್ಟರು. ಒಂದು ಮಾತನ್ನೂ ಆಡಲಿಲ್ಲ. ರೋಗಿಗೆ ಎಣ್ಣೆ ಹಚ್ಚುವ ತಮ್ಮ ಸಂಸ್ಕಾರದಲ್ಲಿಯೂ ಮೊದಲು ಹೀಗೆ ಮೌನವಾಗಿಯೇ ಕೈಯಿಡುತ್ತಾರೆಂದೂ, ಆದರೆ ಅದು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಿಗೆ ಮಾತ್ರವಾದ್ದರಿಂದ ತಾವು ನೀಡಿದ್ದು ಬರಿಯ ಆಶೀರ್ವಾದವೆಂದೂ, ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಮಕ್ಕಳ ಮೇಲೆ ಕೈಯಿಟ್ಟು ಹರಸಿದ್ದು ಅಂಥದ್ದೇ ಎಂದೂ ಆಮೇಲೆ ವಿವರಿಸಿದರು. ನನಗೆ ಆಗ ಈ ವ್ಯತ್ಯಾಸಕ್ಕಿಂತ ಮುಖ್ಯವಾಗಿ ಕಂಡದ್ದು ಅಮ್ಮನ ಬಿಗಿದ ಮುಷ್ಟಿ ಸಡಿಲಿಸಿದ್ದು. ಅವರು ತಾವಾಗಿಯೇ ನೀರು ಕೇಳಿದರು.

ಗುರುಗಳ ಹೆಸರು ಕೇಳಲು ನಾನು ಹೊರಗೆ ಓಡಿದಾಗ ಲಿಫ್ಟಿನ ಬಾಗಿಲು ಮುಚ್ಚಿತ್ತು. ಅಮ್ಮ ಈಗ ಮನೆಗೆ ಬಂದಿದ್ದಾರೆ, ಗುರುಗಳೇ; ನಿಮಗೆ ನಮ್ಮಿಬ್ಬರ ವಂದನೆಗಳು.