ಗೌಳದ ರಿಷಭ ಕೀಬೋರ್ಡಿನಲ್ಲಿ ಸಿಗುವುದಿಲ್ಲ

ಸಂಪಾದಕರೇ,

ಕಳೆದ ತಿಂಗಳು ಹಾಸನದಲ್ಲಿ ಮಕ್ಕಳ ಗಾಯನ ಸ್ಪರ್ಧೆಯೊಂದು ನಡೆಯಿತು. ನನ್ನ ಹತ್ತಿರ ಕಲಿಯುವ ಹದಿಮೂರು ವರ್ಷದ ಹುಡುಗಿ ಗೌಳ ರಾಗ ಹಾಡಿದಳು. ವೇದಿಕೆಯಲ್ಲಿ ತಂಬೂರಿ ಇರಲಿಲ್ಲ. ಕೀಬೋರ್ಡಿನವರು ಅವಳು ಹಾಡಿದ್ದನ್ನೇ ಹಿಂದೆ ಹಿಂದೆ ನುಡಿಸುತ್ತಿದ್ದರು. ಅವಳ ರಿಷಭ, ಅಂದರೆ ಸರಿಗಮದ ರಿ, ಕೀಬೋರ್ಡಿನ ರಿಷಭಕ್ಕಿಂತ ಒಂದು ಚೂರು ಕೆಳಗೆ ನಿಂತಿತು, ತೀರ್ಪುಗಾರರು ಶ್ರುತಿ ತಪ್ಪಿದೆ ಎಂದು ಅಂಕ ಕಳೆದರು.

ಬಹುಮಾನ ಹೋಯಿತು ಅಂತ ಬರೆಯುತ್ತಿಲ್ಲ. ಆ ರಿಷಭವನ್ನು ಅಲ್ಲೇ ನಿಲ್ಲಿಸು ಎಂದು ಕಲಿಸಿದವಳು ನಾನು. ಗೌಳದ ರಿಷಭಕ್ಕೆ ಏಕಶ್ರುತಿ ರಿಷಭ ಅಂತಲೇ ಹೆಸರಿದೆ, ಷಡ್ಜದ, ಅಂದರೆ ಸ ಸ್ವರದ, ಮಗ್ಗುಲಲ್ಲೇ ಕೂರುವ ಸ್ವರ ಅದು. ಈಗ ಆ ಹುಡುಗಿ ಮನೆಯಲ್ಲಿ ಶ್ರುತಿ ಅಳೆಯುವ ಫೋನಿನ ಆ್ಯಪ್ ಇಟ್ಟುಕೊಂಡು, ಮುಳ್ಳು ಸರಿಯಾಗಿ ನಡುವೆ ನಿಲ್ಲುವವರೆಗೂ ರಿಷಭವನ್ನು ಮೇಲೆತ್ತಿ ಹಾಡುತ್ತಿದ್ದಾಳೆ ಎಂದು ಅವಳ ತಾಯಿ ಹೇಳಿದರು. ನನಗೆ ಸಂಕಟವಾಗಿದ್ದು ಅದಕ್ಕೆ.

ಶ್ರುತಿ ಎಂದರೆ ಕೇಳಿಸುವುದು, ಅಷ್ಟೇ. ಕಿವಿ ಗುರುತಿಸುವ ನಾದದ ಸಣ್ಣ ಅಂತರಕ್ಕೂ ಅದೇ ಹೆಸರು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಭರತ ನಾಟ್ಯಶಾಸ್ತ್ರದಲ್ಲಿ ಒಂದು ಸ್ಥಾಯಿಗೆ, ಅಂದರೆ ಒಂದು ಸ ದಿಂದ ಮೇಲಿನ ಸ ವರೆಗೆ, 22 ಶ್ರುತಿ ಎಂದ. ಸ, ಮ, ಪ ಗಳಿಗೆ ನಾಲ್ಕು ನಾಲ್ಕು, ರಿ, ದ ಗಳಿಗೆ ಮೂರು ಮೂರು, ಗ, ನಿ ಗಳಿಗೆ ಎರಡೆರಡು. ಪುಸ್ತಕದಲ್ಲಿ ಓದಿದರೆ ಇದು ಸುಮ್ನೆ ಬಾಯಿಪಾಠದ ಲೆಕ್ಕ ಅನ್ನಿಸುತ್ತದೆ. ಆದರೆ ಆ ಲೆಕ್ಕಕ್ಕೆ ಅವನು ಬಂದ ದಾರಿ ನೋಡಿ. ಒಂದೇ ಥರ ಶ್ರುತಿ ಮಾಡಿದ ಎರಡು ವೀಣೆ. ಒಂದನ್ನು ಮುಟ್ಟುವಂತಿಲ್ಲ, ಅದು ಧ್ರುವ ವೀಣೆ. ಇನ್ನೊಂದರ ಶ್ರುತಿ ಬದಲಿಸಬಹುದು, ಅದು ಚಲ ವೀಣೆ. ಚಲ ವೀಣೆಯ ಪಂಚಮವನ್ನು, ಅಂದರೆ ಪ ಸ್ವರವನ್ನು, ರಿಷಭದ ಜೊತೆ ಹೊಂದುವ ಹಾಗೆ ಒಂದು ಚೂರು ಇಳಿಸಬೇಕು, ಆ ಚೂರೇ ಪ್ರಮಾಣ ಶ್ರುತಿ. ಆಮೇಲೆ ಉಳಿದ ಸ್ವರಗಳನ್ನೂ ಅಷ್ಟೇ ಇಳಿಸಬೇಕು. ಹೀಗೆ ಎರಡನೇ ಸಲ ಇಳಿಸಿದಾಗ ಚಲ ವೀಣೆಯ ಗ ಮತ್ತು ನಿ, ಧ್ರುವ ವೀಣೆಯ ರಿ ಮತ್ತು ದ ಜೊತೆ ಒಂದಾಗುತ್ತವೆ. ಮೂರನೇ ಸಲಕ್ಕೆ ರಿ ಮತ್ತು ದ ಹೋಗಿ ಸ ಮತ್ತು ಪ ಸೇರುತ್ತವೆ. ನಾಲ್ಕನೇ ಸಲಕ್ಕೆ ಸ, ಮ, ಪ ಮೂರೂ ತಮ್ಮ ಕೆಳಗಿನ ಸ್ವರಕ್ಕೆ ಸೇರುತ್ತವೆ. ಕೂಡಿಸಿ ನೋಡಿ, ಸರಿಯಾಗಿ 22. ಅಳೆಯುವ ಯಂತ್ರವಿಲ್ಲ, ಸಂಖ್ಯೆಯಿಲ್ಲ, ಬರೀ ಎರಡು ವೀಣೆ ಮತ್ತು ಕಿವಿ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಳೇಬೀಡಿನಲ್ಲಿ ಹೊಯ್ಸಳರು ಆಳುತ್ತಿದ್ದ 13ನೇ ಶತಮಾನದಲ್ಲಿ, ದೇವಗಿರಿಯ ಸೇವುಣ ಅರಸರ ಆಸರೆಯಲ್ಲಿದ್ದ ಸಂಗೀತಶಾಸ್ತ್ರಕಾರ ಶಾರ್ಙ್ಗದೇವ ವೀಣೆಗೆ 22 ತಂತಿಯನ್ನೇ ಕಟ್ಟಲು ಹೇಳಿದ. ಅಕ್ಕಪಕ್ಕದ ಎರಡು ತಂತಿಗಳ ನಡುವೆ ಇನ್ನೊಂದು ನಾದ ಕೇಳಬಾರದು, ಅಷ್ಟು ಹತ್ತಿರ. ಈ 22 ಒಂದೇ ಅಳತೆಯವೋ ಬೇರೆ ಬೇರೆಯೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಹಾಡುವವರು ಯಾರೂ 22 ಎಣಿಸಿಕೊಂಡು ಹಾಡುವುದೂ ಇಲ್ಲ. ತೋಡಿ ರಾಗದ ಗಾಂಧಾರ, ಅಂದರೆ ಗ, ಒಂದು ಕಡೆ ನಿಲ್ಲುವುದೇ ಇಲ್ಲ, ಅದು ತೂಗಾಡುತ್ತಲೇ ಇರುತ್ತದೆ.

ಕೀಬೋರ್ಡು ಇದನ್ನೆಲ್ಲ ಬಿಟ್ಟು ಸ್ಥಾಯಿಯನ್ನು 12 ಸಮ ಭಾಗ ಮಾಡಿದೆ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನ ಇದೆ ಅಂದುಕೊಳ್ಳಿ. ತಂಬೂರಿ ಚೆನ್ನಾಗಿ ಶ್ರುತಿಯಾದಾಗ ಅದರೊಳಗಿಂದ ತಾನಾಗಿ ಕೇಳುವ ಅಂತರ ಗಾಂಧಾರಕ್ಕೆ (ಗ ದ ಮೇಲಿನ ರೂಪ ಅದು) 300. ಪಂಚಮದ ಮೇಲೆ ಪಂಚಮ ಹಿಡಿದು ನಾಲ್ಕು ಸಲ ಏರಿ, ಸಿಕ್ಕ ಗಾಂಧಾರವನ್ನು ಎರಡು ಸ್ಥಾಯಿ ಕೆಳಗೆ ತಂದರೆ 303.75. ಇವೆರಡರ ನಡುವಿನ ಚೂರು, 81ಕ್ಕೆ 80, ಪ್ರಮಾಣ ಶ್ರುತಿಯೇ ಇದು ಎಂದು ಈ ಕಾಲದವರು ಲೆಕ್ಕ ಹಾಕಿದ್ದಾರೆ. ಕೀಬೋರ್ಡಿನ ಗಾಂಧಾರ ಸುಮಾರು 302.4, ಅದು ಎರಡೂ ಅಲ್ಲ. ತಂಬೂರಿ ಜೊತೆ ಅದನ್ನು ಒತ್ತಿ ಹಿಡಿದರೆ ನಾದ ಅಲೆ ಅಲೆಯಾಗಿ ನಡುಗುವುದು ಯಾರಿಗಾದರೂ ಕೇಳುತ್ತದೆ.

ನನ್ನ ವೀಣೆಯಲ್ಲೂ ಸ್ಥಾಯಿಗೆ 12 ಮೆಟ್ಟಿಲೇ, ಅಂದರೆ ತಂತಿ ಒತ್ತುವ ಪಟ್ಟಿಗಳೇ, ಇರುವುದು, ನಿಜ. ಆದರೆ ಅವನ್ನು ಮೇಣದಲ್ಲಿ ಕೂರಿಸುವಾಗ ಕಿವಿಯಿಂದ ಕೇಳಿ ಕೇಳಿ ಕೂರಿಸುತ್ತಾರೆ. ಗೌಳದ ರಿಷಭ ಬೇಕಾದರೆ ನಾನು ರಿಷಭದ ಮೆಟ್ಟಿಲಿಗೆ ಹೋಗುವುದಿಲ್ಲ. ಷಡ್ಜದ ಮೆಟ್ಟಿಲಲ್ಲೇ ತಂತಿಯನ್ನು ಬೇಕಾದಷ್ಟೇ ಎಳೆಯುತ್ತೇನೆ. ಕೀಬೋರ್ಡಿನ ಕೀಲಿಯನ್ನು ಹಾಗೆ ಎಳೆಯಲು ಬರುತ್ತದಾ?

ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟು ಸುಮಾರು ಮೂರು ದಶಕ ಒಳಗೆ ಬಿಡಲಿಲ್ಲ. ಅಂಥ ನಿಷೇಧ ನನಗೆ ಬೇಡ. ಸಿನಿಮಾ ಹಾಡಿಗೆ, ಭಾವಗೀತೆಗೆ ಕೀಬೋರ್ಡು ಇರಲಿ. ಶಾಸ್ತ್ರೀಯ ವಿಭಾಗದಲ್ಲಿ ಮಾತ್ರ ಮಗುವಿನ ಹಿಂದೆ ತಂಬೂರಿ ಇರಲಿ, ಎಲೆಕ್ಟ್ರಾನಿಕ್ ತಂಬೂರಿಯಾದರೂ ಸರಿ, ಮತ್ತು ಶ್ರುತಿ ತಪ್ಪಿತು ಎಂದು ಬರೆಯುವ ಮೊದಲು ತೀರ್ಪುಗಾರರು ರಾಗ ಯಾವುದು ಎಂದು ಒಂದು ಸಲ ನೋಡಲಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಎಷ್ಟು ವಿದ್ವಾಂಸರನ್ನು ಕೊಟ್ಟಿದೆ! ಆರ್.ಕೆ. ಶ್ರೀಕಂಠನ್ ಅವರ ಊರು ಅದು. ಅಲ್ಲಿ ತಂಬೂರಿ ಆಕಾರದಲ್ಲೇ ಒಂದು ಗುಡಿ ಇದೆ. ಅಂಥ ಜಿಲ್ಲೆಯ ಮಕ್ಕಳಿಗೆ ಇಷ್ಟು ಕೇಳುವುದು ಜಾಸ್ತಿ ಅಲ್ವಲ್ಲ?

ಗುರುವಾರ ಹುಡುಗಿ ಪಾಠಕ್ಕೆ ಬಂದಾಗ ಫೋನನ್ನು ಬ್ಯಾಗಿನಲ್ಲಿ ಇಡಿಸಿ ತಂಬೂರಿ ಅವಳ ಕೈಗೇ ಕೊಟ್ಟೆ. ಅರ್ಧ ಗಂಟೆ ಬರೀ ಸ, ರಿ, ಸ ಹಾಡಿಸಿದೆ. ರಿಷಭ ಇನ್ನೂ ಪೂರ್ತಿ ಕೆಳಗಿಳಿದಿಲ್ಲ. ಮುಂದಿನ ವರ್ಷದ ಸ್ಪರ್ಧೆಗೆ ತಂಬೂರಿ ಸಿಗದಿದ್ದರೆ ಸಂಘಟಕರು ನನ್ನದನ್ನೇ ತೆಗೆದುಕೊಂಡು ಹೋಗಲಿ, ಶ್ರುತಿ ಮಾಡಿಕೊಡಲು ನಾನೇ ಬರುತ್ತೇನೆ.

– ಒಬ್ಬ ವೀಣೆ ಶಿಕ್ಷಕಿ, ಹಾಸನ