ಮಗಳಿಗೊಂದು ಪತ್ರ: ಬಿಡುವಿನ ಲೆಕ್ಕ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಮಂಗಳೂರಿನಿಂದ ಕಳುಹಿಸಿದ ಮೂರು ವಾರಗಳ ಈಜು ತರಬೇತಿ ಹಾಳೆಗಳನ್ನು ನಿನ್ನೆ ರಾತ್ರಿ ಊಟವಾದ ಮೇಲೆ ಸಾವಕಾಶವಾಗಿ ಕುಳಿತು ಓದಿದೆ. ಅಕ್ಷರ ದುಂಡಗಿದೆ, ದೂರದ ಕೂಡಿಕೆಯಲ್ಲಿ ಒಂದೂ ತಪ್ಪಿಲ್ಲ, ವಾರಕ್ಕೆ ಎಷ್ಟು ಕಿಲೋಮೀಟರ್ ಆಯಿತೆಂಬುದನ್ನು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯೆ. ನಾನು ಬೆಂಗಳೂರಿನಲ್ಲಿ ಕೋಚ್ ಆಗಿ ಸೇರಿದ ಮೊದಲ ವರ್ಷದ ನೋಟ್‌ಬುಕ್ಕೂ ಹೀಗೆಯೇ ಇತ್ತು. ಆದ್ದರಿಂದ ಮುಂದೆ ಬರೆಯುವುದನ್ನು ನಾನು ನನಗೇ ತಡವಾಗಿ ಹೇಳಿಕೊಂಡ ಮಾತೆಂದು ಓದಿಕೊಂಡರೂ ಆದೀತು. ನಿನ್ನ ಹಾಳೆಯಲ್ಲಿ ದೂರವಿದೆ, ಯಾವ ಸ್ಟ್ರೋಕ್, ಅಂದರೆ ಈಜಿನ ಯಾವ ಶೈಲಿ ಎಂಬುದಿದೆ, ಎಷ್ಟು ಸಲ ಎಂಬುದಿದೆ. ಒಂದು ಈಜಿಗೂ ಮುಂದಿನದಕ್ಕೂ ನಡುವೆ ಬಿಡುವು ಎಷ್ಟೆಂಬುದು ಮಾತ್ರ ಎಷ್ಟೋ ಕಡೆ ಇಲ್ಲ. ಇರುವ ಕಡೆ ಆರೂ ಲೇನಿಗೆ ಒಂದೇ ಅಂಕಿಯಿದೆ. ಒಂದು ಸೆಟ್ಟಿನ, ಅಂದರೆ ಒಂದೇ ದೂರವನ್ನು ಮತ್ತೆ ಮತ್ತೆ ಈಜುವ ಸರಣಿಯ, ಗುಣವನ್ನು ನಿರ್ಧರಿಸುವುದು ದೂರಕ್ಕಿಂತ ಹೆಚ್ಚಾಗಿ ಬಿಡುವು ಎಂಬುದನ್ನು ನಾನು ಕಲಿಯಲು ಏಳೆಂಟು ವರ್ಷ ಹಿಡಿಯಿತು. ನಿನಗೆ ಅಷ್ಟು ಹಿಡಿಯಬಾರದೆಂದು ಈ ಪತ್ರ.

ಮಂಗಳವಾರದ ಮೇನ್ ಸೆಟ್ಟನ್ನೇ ತೆಗೆದುಕೊ. ‘10 × 100 ಫ್ರೀಸ್ಟೈಲ್, ಜೋರಾಗಿ’ ಎಂದು ಬರೆದಿದ್ದೀಯೆ. ನೀನು ಫೋನಿನಲ್ಲಿ ಹೇಳುತ್ತಿರುವ ಆ ಹದಿಮೂರರ ಹುಡುಗಿ 400 ಮೀಟರನ್ನು 5 ನಿಮಿಷ 20 ಸೆಕೆಂಡಿನಲ್ಲಿಯೂ 200 ಮೀಟರನ್ನು 2 ನಿಮಿಷ 32 ಸೆಕೆಂಡಿನಲ್ಲಿಯೂ ಮುಗಿಸಿದಳಲ್ಲವೇ? ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 168 ಸೆಕೆಂಡು ಉಳಿಯುತ್ತದೆ. ಅದು 200 ಮೀಟರಿನ ಲೆಕ್ಕವಾದ್ದರಿಂದ ನೂರು ಮೀಟರಿಗೆ 84 ಸೆಕೆಂಡು, ಅಂದರೆ 1 ನಿಮಿಷ 24 ಸೆಕೆಂಡು. ಕ್ರಿಟಿಕಲ್ ಸ್ವಿಮ್ ಸ್ಪೀಡ್ ಎಂದು ಕರೆಯುವ ಈ ವೇಗವು, ಬಹಳ ಹೊತ್ತು ಹಿಡಿದಿಡಬಹುದಾದ ಗತಿಗೂ ಬೇಗನೆ ಸೋಲಿಸುವ ಗತಿಗೂ ನಡುವಿನ ಗಡಿಯ ಒಂದು ಅಂದಾಜು. ರಕ್ತ ತೆಗೆದು, ಜೋರಾಗಿ ಈಜಿದಾಗ ಅದರಲ್ಲಿ ಏರುವ ಲ್ಯಾಕ್ಟೇಟ್ ಅಳೆಯುವ ಅನುಕೂಲವಿಲ್ಲದ ಕೊಳದಲ್ಲಿ ಒಂದು ಸ್ಟಾಪ್‌ವಾಚು ಮತ್ತು ಎರಡು ಪ್ರಾಮಾಣಿಕ ಈಜು ಇದ್ದರೆ ಇಷ್ಟು ತಿಳಿಯುತ್ತದೆ.

ಈಗ ಅದೇ ಹತ್ತು ನೂರುಗಳನ್ನು 1 ನಿಮಿಷ 40 ಸೆಕೆಂಡಿಗೊಮ್ಮೆ ಹೊರಡುವಂತೆ ಕೊಟ್ಟರೆ, 1:24ರಲ್ಲಿ ಗೋಡೆ ಮುಟ್ಟಿದವಳಿಗೆ 16 ಸೆಕೆಂಡು ಸಿಗುತ್ತದೆ. ಉಸಿರು ಪೂರ್ತಿ ತಣಿಯುವುದಿಲ್ಲ, ಆದರೆ ಕೈಯ ಹಿಡಿತ ಕೆಡುವುದೂ ಇಲ್ಲ, ದಮ್ಮು ಬೆಳೆಯುವುದು ಇಲ್ಲಿ. 3 ನಿಮಿಷಕ್ಕೊಮ್ಮೆ ಕೊಟ್ಟು ಪ್ರತಿ ಸಲವೂ ಶಕ್ತಿಯೆಲ್ಲ ಹಾಕಿ ಈಜು ಎಂದರೆ ಅದು ಬೇರೆಯೇ ಪ್ರಾಣಿ; ಕೈಕಾಲು ಉರಿಯುತ್ತಿರುವಾಗಲೂ ವೇಗ ಬಿಡದಿರುವುದನ್ನು ಕಲಿಸುವ ಅಂತಹ ಸೆಟ್ಟಿಗೆ ಹತ್ತು ಸಲ ಬೇಕಿಲ್ಲ, ನಾಲ್ಕೈದು ಸಾಕು. ಇನ್ನು 1 ನಿಮಿಷ 28 ಸೆಕೆಂಡಿಗೊಮ್ಮೆ ಹೊರಡಿಸಿದೆಯೆಂದುಕೊ: ಮೂರನೆಯ ನೂರಿನ ಹೊತ್ತಿಗೆ ಅವಳು ಗೋಡೆ ಮುಟ್ಟುವುದೂ ಬಿಡುವುದೂ ಒಂದೇ ಆಗಿ, ಮೊಣಕೈ ಕೆಳಗೆ ಬಿದ್ದು, ಅಂಗೈ ನೀರನ್ನು ಹಿಡಿಯದೆ ಜಾರತೊಡಗುತ್ತದೆ. ಆ ಹೊತ್ತಿನಲ್ಲಿ ಅವಳು ಅಭ್ಯಾಸ ಮಾಡುತ್ತಿರುವುದು ಕೆಟ್ಟ ಈಜನ್ನು. ಕಾಗದದ ಮೇಲೆ ಮೂರೂ ‘10 × 100’ ಎಂದೇ ಕಾಣುತ್ತವೆ.

ಸೆಕೆಂಡು ತೋರಿಸುವ ಗೋಡೆಯ ಮೇಲಿನ ದೊಡ್ಡ ಗಡಿಯಾರವನ್ನು, ಅಂದರೆ ಪೇಸ್ ಕ್ಲಾಕನ್ನು, ಕೊಳಗಳಿಗೆ ತಂದವರೆಂದು ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಕೌನ್ಸಿಲ್‌ಮನ್ ಅವರ ಹೆಸರನ್ನು ಹೇಳುತ್ತಾರೆ. 1972ರ ಮ್ಯೂನಿಕ್‌ನಲ್ಲಿ ಏಳು ಒಲಿಂಪಿಕ್ ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಈಜಿದ್ದು ಈ ಕೋಚ್ ಕೈಕೆಳಗೇ. ಆ ಕೋಚ್ 1979ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ತಾವೇ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ದಡದಲ್ಲಿ ನಿಂತು ಸೀಟಿ ಊದುವ ನಮ್ಮಂಥವರಿಗೆ ಈ ಸಂಗತಿ ಆಗಾಗ ನೆನಪಾಗುವುದು ಒಳ್ಳೆಯದು. ಆ ಗಡಿಯಾರದ ಕೆಂಪು ಮುಳ್ಳನ್ನು ಓದುವುದನ್ನು ನಿನ್ನ ಮಕ್ಕಳಿಗೆ ಮೊದಲು ಕಲಿಸು. ತಾನು ಎಷ್ಟಕ್ಕೆ ಹೊರಟೆ, ಎಷ್ಟಕ್ಕೆ ಮುಟ್ಟಿದೆ ಎಂಬುದನ್ನು ಮಗು ತಾನೇ ಹೇಳಲಾರದಿದ್ದರೆ, ನೀನು ಎಷ್ಟೇ ನಾಜೂಕಾಗಿ ಬರೆದ ಬಿಡುವೂ ನೀರಿನಲ್ಲಿ ಕರಗಿಹೋಗುತ್ತದೆ.

ಬಿಡುವು ಕಡಿಮೆಯಾದಷ್ಟೂ ತರಬೇತಿ ಗಟ್ಟಿ ಎಂಬ ನಂಬಿಕೆ ಕೋಚ್‌ಗಳಿಗಿಂತ ಹೆಚ್ಚಾಗಿ ಗ್ಯಾಲರಿಯಲ್ಲಿ ಕುಳಿತ ತಂದೆತಾಯಿಯರಲ್ಲಿದೆ. 15 ಮೀಟರ್ ಅಥವಾ 25 ಮೀಟರನ್ನು ಪೂರ್ಣ ವೇಗದಲ್ಲಿ ಈಜಿದ ಮೇಲೆ ಸ್ನಾಯುವಿನಲ್ಲಿ ಖರ್ಚಾದ ಕ್ರಿಯೇಟಿನ್ ಫಾಸ್ಫೇಟ್ ಎಂಬ ತಕ್ಷಣದ ಇಂಧನ ಅರ್ಧದಷ್ಟು ತುಂಬಿಕೊಳ್ಳಲು ಸುಮಾರು ಅರ್ಧ ನಿಮಿಷವೂ, ಬಹುಪಾಲು ತುಂಬಲು ಮೂರು ನಿಮಿಷ ಅಥವಾ ಅದಕ್ಕೂ ಹೆಚ್ಚು ಕಾಲವೂ ಬೇಕು. ನೀನು ಅಷ್ಟು ಬಿಡುವು ಕೊಟ್ಟಾಗ ಯಾರಾದರೂ ಬಂದು ‘ಮೇಡಂ, ಮಕ್ಕಳು ಸುಮ್ಮನೆ ನಿಂತಿದ್ದಾರಲ್ಲ’ ಎಂದೇ ಎನ್ನುತ್ತಾರೆ. ನಕ್ಕು ಸುಮ್ಮನಾಗು. ಇಪ್ಪತ್ತು ಸೆಕೆಂಡು ಬಿಡುವಿಟ್ಟು ಇಪ್ಪತ್ತು ಸಲ ಜೋರಾಗಿ ಈಜಿಸಿದರೆ ಅದು ವೇಗದ ಅಭ್ಯಾಸವಾಗಿ ಉಳಿಯುವುದಿಲ್ಲ, ಅರೆವೇಗದ ಅಭ್ಯಾಸವಾಗುತ್ತದೆ.

ಆ ಹುಡುಗಿಗೆ 200 ಮೀಟರ್ ಫ್ರೀಸ್ಟೈಲ್ ಆರಿಸಿದ್ದೀಯೆಂದು ಓದಿ ಸಂತೋಷವಾಯಿತು. ನಮ್ಮ ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ್ದು ಇದೇ ಸ್ಪರ್ಧೆಯನ್ನು. ಇಪ್ಪತ್ತನಾಲ್ಕು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಹದಿನಾಲ್ಕರ ಧಿನಿಧಿ ದೇಸಿಂಗು, ಅವಳೂ ಬೆಂಗಳೂರಿನವಳೇ, ಈಜಿದ್ದೂ ಇದನ್ನೇ. ಸೆಟ್ ಬರೆಯುವವರಿಗೆ ಇದರಷ್ಟು ತಲೆ ತಿನ್ನುವ ದೂರ ಬೇರೊಂದಿಲ್ಲ. ಎರಡು ನಿಮಿಷಕ್ಕೂ ಮೀರುವ ಈಜಿಗೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಮ್ಲಜನಕದ ದಾರಿಯಿಂದಲೇ ಬರುತ್ತದೆಯಾದರೂ, ಕೊನೆಯ ಐವತ್ತನ್ನು ಉಳಿಸುವುದು ಆ ದಮ್ಮೊಂದೇ ಅಲ್ಲ, ಮೊದಲ ನೂರನ್ನು ಎಷ್ಟು ಕಡಿಮೆ ಖರ್ಚಿನಲ್ಲಿ ಈಜಿದಳೆಂಬುದೂ ಹೌದು. ಆದ್ದರಿಂದ ಅವಳಿಗೆ ವಾರಕ್ಕೆ ಒಮ್ಮೆಯಾದರೂ ಮುರಿದ ಇನ್ನೂರನ್ನು ಕೊಡು. ಗುರಿ 2:28 ಎಂದುಕೊಂಡರೆ ಐವತ್ತಕ್ಕೆ ಸರಾಸರಿ 37 ಸೆಕೆಂಡು. ನಾಲ್ಕು ಐವತ್ತುಗಳ ನಡುವೆ ಮೂರು ಸಲ ಹತ್ತು ಹತ್ತು ಸೆಕೆಂಡು ನಿಲ್ಲಿಸಿ, ಕೊನೆಗೆ ಗಡಿಯಾರದಲ್ಲಿ ಕಂಡದ್ದರಿಂದ 30 ಸೆಕೆಂಡು ಕಳೆ. 2:58 ಬಂದರೆ ಗುರಿ ಮುಟ್ಟಿದಳು. ನಿಜವಾದ ಸ್ಪರ್ಧೆಯಲ್ಲಿ ಆ ಮೂವತ್ತು ಸೆಕೆಂಡು ಸಿಗುವುದಿಲ್ಲವಾದ್ದರಿಂದ ಅಷ್ಟೇ ವೇಗ ಅಲ್ಲಿಯೂ ಬರುತ್ತದೆಂದು ಅವಳ ತಂದೆಗೆ ಮಾತು ಕೊಡಬೇಡ. ಬ್ಲಾಕಿನಿಂದ ಹಾರಿದ ಮೊದಲ ಐವತ್ತು ಗೋಡೆ ಒದ್ದು ಹೊರಟ ಐವತ್ತಕ್ಕಿಂತ ಒಂದೆರಡು ಸೆಕೆಂಡು ಬೇಗ ಬರುವುದನ್ನೂ ಲೆಕ್ಕದಲ್ಲಿಡು; ಇಲ್ಲದಿದ್ದರೆ ಮೊದಲನೆಯದನ್ನೇ 37ರಲ್ಲಿ ಈಜಿ ಚೆನ್ನಾಗಿ ಹೊರಟೆ ಎಂದು ತಪ್ಪು ತಿಳಿಯುತ್ತಾಳೆ.

ಇನ್ನು, ಎಷ್ಟು ಸಲ ಎಂಬ ಪ್ರಶ್ನೆ. ಬ್ರೆಂಟ್ ರಶಾಲ್ ಎಂಬ ವಿಜ್ಞಾನಿ ಹೇಳಿದ ಒಂದು ವಿಧಾನದಲ್ಲಿ 25 ಅಥವಾ 50 ಮೀಟರುಗಳನ್ನು ಸ್ಪರ್ಧೆಯ ವೇಗದಲ್ಲಿಯೇ, ಸುಮಾರು 20 ಸೆಕೆಂಡು ಬಿಡುವಿನಲ್ಲಿ, ಬಹಳ ಸಲ ಈಜಿಸುತ್ತಾರೆ. ಗುರಿಯ ಸಮಯ ತಪ್ಪಿದರೆ ಒಂದು ಸರದಿ ಬಿಟ್ಟು ಮತ್ತೆ ಸೇರಬೇಕು, ಬೆನ್ನುಬೆನ್ನಿಗೆ ಎರಡು ಸಲ ಅಥವಾ ಒಟ್ಟು ಮೂರು ಸಲ ತಪ್ಪಿದರೆ ಅವರ ಸೆಟ್ ಅಲ್ಲಿಗೆ ಮುಗಿಯಿತು. ಅಮೆರಿಕದ ಈಜುಗಾರ ಮೈಕಲ್ ಆಂಡ್ರ್ಯೂ ಬೆಳೆದದ್ದು ಈ ವಿಧಾನದಲ್ಲಿ, ಅದೂ ಸ್ವಂತ ತಂದೆಯ ತರಬೇತಿಯಲ್ಲಿ. (ನಾನು ನಿನಗೆ ಕೋಚ್ ಆಗಿದ್ದ ಆ ಎರಡು ವರ್ಷ ನಮ್ಮ ಮನೆಯ ಊಟದ ಮೇಜು ಹೇಗಿತ್ತೆಂಬುದು ನಿನಗೂ ಗೊತ್ತು, ನನಗೂ ಗೊತ್ತು.) ಇಡೀ ವಿಧಾನವನ್ನು ನಾನು ಒಪ್ಪುವುದಿಲ್ಲ; ಬೆಳೆಯುವ ಮಕ್ಕಳಿಗೆ ನಿಧಾನದ ಉದ್ದ ಈಜೂ, ಈಜಿನ ರೀತಿ ತಿದ್ದುವ ಡ್ರಿಲ್ಲೂ, ಕಾಲಷ್ಟೇ ಬಡಿಯುವ ಕಿಕ್ಕೂ ಬೇಕು. ಆದರೆ ಎಷ್ಟು ಸಲವೆಂಬುದನ್ನು ಹಾಳೆಯ ಬದಲು ಮಗುವಿನ ಈಜು ನಿರ್ಧರಿಸಲಿ ಎಂಬ ಅದರ ಮಾತನ್ನು ಒಪ್ಪುತ್ತೇನೆ. ಐವತ್ತು ಮೀಟರಿಗೆ ಸ್ಟ್ರೋಕ್, ಅಂದರೆ ಕೈಬೀಸು ಎಷ್ಟೆಂದು ಎಣಿಸು. ಮೊದಲಿಗೆ 42 ಇದ್ದದ್ದು ಅದೇ ಸಮಯಕ್ಕೆ 47 ಆಯಿತೆಂದರೆ ಅವಳು ವೇಗವನ್ನು ಸಾಲ ತಂದು ಕಟ್ಟುತ್ತಿದ್ದಾಳೆಂದು ಅರ್ಥ. ಹಾಳೆಯಲ್ಲಿ ಇನ್ನೂ ನಾಲ್ಕು ಬಾಕಿಯಿದ್ದರೂ ನಿಲ್ಲಿಸು.

ನಾನು ನಿಲ್ಲಿಸದೆ ಹೋದದ್ದು ಒಮ್ಮೆ. ಹದಿನೈದರ ಒಬ್ಬ ಹುಡುಗ, ಅಂಗೈಗೆ ದೊಡ್ಡ ಪ್ಯಾಡಲ್ ಹಲಗೆ ಕಟ್ಟಿಕೊಂಡು ಕೈಯಷ್ಟರಿಂದಲೇ ಈಜುವ ಪುಲ್ ಸೆಟ್, ನಾನು ಬರೆದದ್ದು 3000 ಮೀಟರ್. ಎರಡು ಸಾವಿರದ ಹೊತ್ತಿಗೆ ಅವನು ಗೋಡೆಯ ಬಳಿ ಭುಜವನ್ನು ತಿರುಗಿಸಿಕೊಳ್ಳುತ್ತಿದ್ದುದನ್ನು ಕಂಡೆ, ಕಂಡೂ ‘ಇನ್ನು ಸ್ವಲ್ಪವೇ ಇದೆ’ ಎಂದೆ. ಅವನು ಆ ಋತುವಿನಲ್ಲಿ ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. ನಿನ್ನ ಗುರುವಾರದ ಹಾಳೆಯಲ್ಲಿ ಪ್ಯಾಡಲ್ ಮತ್ತು ಬಟರ್‌ಫ್ಲೈ ಒಂದರ ಬೆನ್ನಿಗೊಂದು ಬಂದಿರುವುದನ್ನು ನೋಡಿದೊಡನೆ ಇದು ನೆನಪಾಯಿತು. ಅವೆರಡನ್ನೂ ದಯವಿಟ್ಟು ಬೇರೆ ಬೇರೆ ದಿನಕ್ಕೆ ಹಾಕು. ಸಣ್ಣವರಿಗೆ ಬಟರ್‌ಫ್ಲೈಯನ್ನು 25 ಮೀಟರಿನ ತುಂಡುಗಳಾಗಿಯೇ ಕೊಡು.

ಕರಾವಳಿಯ ಬಿಸಿಲಿನ ಲೆಕ್ಕವೂ ನಿನ್ನ ಹಾಳೆಗೆ ಬರಬೇಕು. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿಯೊಳಗೆ ಇರಬೇಕೆಂಬುದು ನಿಯಮ. ಏಪ್ರಿಲ್‌ನಲ್ಲಿ ತೆರೆದ ಕೊಳದ ಮಧ್ಯಾಹ್ನದ ನೀರು ಆ ನಿಯಮವನ್ನು ಓದಿಕೊಂಡಿರುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಅದೇ ವೇಗಕ್ಕೆ ಎದೆಬಡಿತ ಮೇಲಕ್ಕೇರುತ್ತದೆ, ಬೆವರುವುದು ಗೊತ್ತೇ ಆಗುವುದಿಲ್ಲ. ಉದ್ದದ ಸೆಟ್ಟುಗಳನ್ನು ಬೆಳಿಗ್ಗೆ ಐದೂವರೆಗೆ ಇಟ್ಟುಕೊ, ಸಂಜೆಗೆ ಸ್ಟಾರ್ಟ್, ಟರ್ನ್, ಚಿಕ್ಕ ವೇಗದ ಈಜು ಸಾಕು, ಲೇನಿನ ತುದಿಯಲ್ಲಿ ನೀರಿನ ಬಾಟಲಿಗಳಿರಲಿ.

ಒಂದೇ ಲೇನಿನಲ್ಲಿ ಏಳು ಮಕ್ಕಳು ಐದೈದು ಸೆಕೆಂಡು ಅಂತರದಲ್ಲಿ ಸುತ್ತುವಾಗ ಪ್ರತಿಯೊಬ್ಬರಿಗೂ ಬೇರೆ ಇಂಟರ್ವಲ್, ಅಂದರೆ ಹೊರಡುವ ಸಮಯ, ಕೊಡುವುದು ಆಗದ ಮಾತು, ಒಪ್ಪುತ್ತೇನೆ. ಆಗ ಹೊರಡುವ ಸಮಯವನ್ನು ಹಾಗೆಯೇ ಇಟ್ಟು ದೂರವನ್ನು ಬದಲಿಸು: ಒಂದನೆಯ ಲೇನು 1:40ಕ್ಕೆ ನೂರು ಈಜಿದರೆ ನಾಲ್ಕನೆಯ ಲೇನು ಅದೇ 1:40ಕ್ಕೆ ಎಪ್ಪತ್ತೈದು ಈಜಲಿ, 25 ಮೀಟರಿನ ಕೊಳದಲ್ಲಿ ಇದು ಸುಲಭ, ಬಿಡುವು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ನಿಧಾನದ ಮಕ್ಕಳಿಗೆ ಬಿಡುವೇ ಸಿಗದೆ ವೇಗದವರಿಗೆ ಹರಟೆಗೆ ಸಮಯ ಸಿಗುವ ಸೆಟ್ಟನ್ನು ನಾವಿಬ್ಬರೂ ಸಾಕಷ್ಟು ನೋಡಿದ್ದೇವೆ.

ಸ್ಪರ್ಧೆಗೆ ಮುಂಚಿನ ಎರಡು ವಾರದ ಟೇಪರ್, ಅಂದರೆ ತರಬೇತಿ ಇಳಿಸುವುದರ ಬಗ್ಗೆ ನೀನು ಬರೆದದ್ದು ಸರಿಯಾಗಿಯೇ ಇದೆ. ದೂರವನ್ನು ಅರ್ಧದಷ್ಟು ಇಳಿಸು, ವೇಗವನ್ನು ಇಳಿಸಬೇಡ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮಾರ್ಚ್ ತಿಂಗಳಲ್ಲಿ ಟೇಪರ್ ತಾನಾಗಿಯೇ ಆಗುತ್ತದೆ.

ಮಂಗಳವಾರದ ಹಾಳೆಯನ್ನು ಮಾತ್ರ ಇನ್ನೊಮ್ಮೆ ಬರೆದು ಕಳುಹಿಸು. ಪ್ರತಿ ಸೆಟ್ಟಿನ ಎಡಗಡೆ ಅದು ಯಾತಕ್ಕೆಂದು ಒಂದೇ ಸಾಲು ಇರಲಿ, ನಡುವೆ ಪ್ರತಿ ಲೇನಿನ ಹೊರಡುವ ಸಮಯ, ಬಲಗಡೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಹುಡುಗಿ ನಿಜವಾಗಿ ಈಜಿದ ಸಮಯವನ್ನೂ ಸ್ಟ್ರೋಕ್ ಎಣಿಕೆಯನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊ. ಪೆನ್ನು ಒದ್ದೆ ಕಾಗದದ ಮೇಲೆ ಬರೆಯುವುದಿಲ್ಲ. ಹಾಳೆ ಕೈಗೆ ಬಂದ ಮೇಲೆ ಬುಧವಾರದ್ದನ್ನು ನೋಡೋಣ.

ಇಂತಿ,
ನಿನ್ನ ಅಮ್ಮ