ಗೋಧಿಯ ಬೇರನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ನವಲಗುಂದದ ಕಡೆ ನಮ್ಮದು ಎರಿ (ಕಪ್ಪು ಮಣ್ಣಿನ) ಹೊಲ. ಹಿಂಗಾರಿ ಮಳೆ ನಂಬಿ ಗೋಧಿ ಬಿತ್ತುತ್ತೇವೆ. ಆಮೇಲೆ ನೀರು ಕೊಡುವ ಮಾತೇ ಇಲ್ಲ. ಮಣ್ಣು ಕುಡಿದಿಟ್ಟ ಹಸಿಯಲ್ಲೇ ತೆನೆ ಕಟ್ಟಬೇಕು.

ಕಳೆದ ಜನವರಿಯಲ್ಲಿ ಸಾಲಿನ ಪಕ್ಕ ಮೂರು ಅಡಿ ಗುಂಡಿ ತೋಡಿ ನೋಡಿದೆ. ಮೇಲಿನ ಒಂದಡಿ ಒಣಗಿ ಬಿರುಕು ಬಿಟ್ಟಿತ್ತು. ಕೆಳಗೆ ಮಾತ್ರ ಕೈಗೆ ಅಂಟುವ ಹಸಿ. ಅಪ್ಪ ಉಳಿಸಿಕೊಂಡು ಬಂದ ಬಿಜಗಾ ಹಳದಿ ಎಂಬ ಗೋಧಿ ತಳಿಯ ಬೇರು ಅಲ್ಲಿಗೆ ಇಳಿದಿತ್ತು. ಪಕ್ಕದ ಗಿಡ್ಡ ತಳಿಯ ಬೇರು ಮೇಲೆಯೇ ಹರಡಿತ್ತು. ಕಾಳೂ ಸೊರಗಿತ್ತು.

ಬೇರು ಆಳಕ್ಕೆ ಹೋದರಷ್ಟೇ ಸಾಲದು, ಲೆಕ್ಕ ಹಾಕಿ ಕುಡಿಯಬೇಕು ಅಲ್ವಾ? ಆಸ್ಟ್ರೇಲಿಯಾದ ವಿಜ್ಞಾನಿಗಳು 1980ರ ದಶಕದಲ್ಲೇ ಬೇರಿನೊಳಗಿನ ನೀರಿನ ನಾಳ ಸಣ್ಣಗಿರುವ ಗೋಧಿಯನ್ನು ಆರಿಸಿ ಬೆಳೆಸಿದ್ದರು. ಅಂಥ ಗಿಡ ಹಸಿಯನ್ನು ಮೊದಲೇ ಮುಗಿಸದೆ, ಕಾಳು ತುಂಬುವ ಹೊತ್ತಿಗೆ ಉಳಿಸುತ್ತದೆ. ತೀರಾ ಒಣ ಜಾಗದಲ್ಲಿ ಇಳುವರಿಯೂ ಹೆಚ್ಚಿತು.

ಧಾರವಾಡ ಕೃಷಿ ವಿಶ್ವವಿದ್ಯಾಲಯ ಮಳೆಯಾಶ್ರಯದ ಹೊಲಕ್ಕೆಂದೇ ಯುಎಎಸ್ 446 ತಳಿ ಕೊಟ್ಟಿದೆ. ಅದಕ್ಕೆ ನಾವು ಋಣಿ. ಇನ್ನು ಮುಂದಿನ ತಳಿಗಳನ್ನು ಬೇರು ನೋಡಿಯೂ ಆರಿಸಲಿ. ಬೀಜದ ಚೀಲದ ಮೇಲೆ ಬೇರಿನ ಆಳ ಬರೆಯಲಿ. ಅಲ್ಲಿನ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಆಗ ಗೋಧಿ ಬಿತ್ತಿರುವುದೇ ಇಲ್ಲ. ಜನವರಿಯಲ್ಲಿ ಒಂದು ದಿನ ಕರೆದು, ಗುಂಡಿ ತೋಡಿ ಬೇರು ತೋರಿಸಿದರೆ ನಾವು ಬುತ್ತಿ ಕಟ್ಟಿಕೊಂಡು ಬರುತ್ತೇವೆ.

– ಒಬ್ಬ ರೈತ, ನವಲಗುಂದ ತಾಲ್ಲೂಕು